ಮನೆಯ ವೈಫೈಗೆ ಬೇಡದವರು ನುಸುಳದಂತೆ ಮಾಡುವುದು ಹೇಗೆ

ವೈಫೈ ಪಾಸ್‌ವರ್ಡ್ ಮುರಿದು ಒಳಗೆ ಬರುವವರು ಅಪರೂಪ. ಕೇಳಿ ಇಸಿದುಕೊಂಡು ಬಂದು, ಆಮೇಲೆ ಹೊರಗೆ ಹೋಗದೇ ಉಳಿದವರೇ ಸಾಮಾನ್ಯ. ಎಂದೋ ಬಂದುಹೋದ ನೆಂಟರು, ಮಕ್ಕಳ ಗೆಳೆಯರು, ರಿಪೇರಿಗೆ ಬಂದವರು, ‘ಇವತ್ತೊಂದು ದಿನ’ ಎಂದು ಕೇಳಿದ ಪಕ್ಕದ ಮನೆಯವರು. ಒಮ್ಮೆ ಹಾಕಿಕೊಟ್ಟ ಪಾಸ್‌ವರ್ಡನ್ನು ಫೋನು ತಾನಾಗಿ ಮರೆಯುವುದಿಲ್ಲ. ಸಾಲದ್ದಕ್ಕೆ ಆಂಡ್ರಾಯ್ಡ್ 10ರಿಂದ ಈಚೆಗೆ, ಜಾಲದ ವಿವರದಲ್ಲಿ ‘ಶೇರ್’ ಒತ್ತಿದರೆ ಅದೇ ಪಾಸ್‌ವರ್ಡ್ ಕ್ಯೂಆರ್ ಕೋಡ್ ಆಗಿ ಪರದೆಗೆ ಬರುತ್ತದೆ. ಆ ಕೋಡಿನೊಳಗೆ ಅದು ಮುಚ್ಚಿಟ್ಟ ರೂಪದಲ್ಲೇನೂ ಇಲ್ಲ, ಸಾದಾ ಅಕ್ಷರದಲ್ಲೇ ಇದೆ. ನೀವು ಒಬ್ಬರಿಗೆ ಹೇಳಿದ್ದು ಐವರ ಫೋನಿಗೆ ಹೋಗಲು ಒಂದು ನಿಮಿಷವೂ ಬೇಡ.

ಆದ್ದರಿಂದ ಗಟ್ಟಿ ಬೀಗ ಹಾಕುವುದು ಅರ್ಧ ಕೆಲಸ. ಕೀಲಿಯ ನಕಲು ಎಲ್ಲೆಲ್ಲಿದೆ ಎಂದು ಹುಡುಕಿ ಅವನ್ನೆಲ್ಲ ಒಟ್ಟಿಗೇ ಕೆಡಿಸುವುದು ಉಳಿದರ್ಧ. ರೌಟರ್‌ನಲ್ಲಿ ಮಾಡಬೇಕಾದ್ದು ಅರ್ಧ ಗಂಟೆಯದು. ಮನೆಯ ಟಿವಿ, ಪ್ರಿಂಟರ್, ಕ್ಯಾಮೆರಾ, ಸ್ಮಾರ್ಟ್ ಪ್ಲಗ್‌ಗಳಿಗೆಲ್ಲ ಹೊಸ ಪಾಸ್‌ವರ್ಡ್ ತುಂಬುವುದೇ ತಲೆನೋವಿನದು. ಬಿಡುವಿದ್ದ ದಿನ ಕೈಹಾಕಿ.

ಕೈಹಾಕುವ ಮುನ್ನ

ಮೊದಲು ರೌಟರ್‌ನ ಅಡ್ಮಿನ್ ಪುಟ, ಎಂದರೆ ಅದರ ಸೆಟ್ಟಿಂಗ್ಸ್ ಬದಲಿಸುವ ಪುಟ, ತೆರೆಯಬೇಕು. ಅದರ ವಿಳಾಸ ಹೆಚ್ಚಾಗಿ 192.168.0.1 ಅಥವಾ 192.168.1.1. ಅದಲ್ಲವಾದರೆ ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಆಜ್ಞೆ ಕೊಟ್ಟಾಗ ಕಾಣುವ ‘ಡೀಫಾಲ್ಟ್ ಗೇಟ್‌ವೇ’ ಸಂಖ್ಯೆಯೇ ಅದು. ಐಫೋನಿನಲ್ಲಿ ಜಾಲದ ಹೆಸರಿನ ಪಕ್ಕದ ‘ಐ’ ಗುರುತು ಮುಟ್ಟಿದರೆ ‘ರೌಟರ್’ ಎಂಬ ಸಾಲಿನಲ್ಲಿ, ಆಂಡ್ರಾಯ್ಡ್‌ನಲ್ಲಿ ಜಾಲದ ವಿವರದ ‘ಗೇಟ್‌ವೇ’ ಸಾಲಿನಲ್ಲಿ ಸಿಗುತ್ತದೆ. ಆ ಸಂಖ್ಯೆಯನ್ನು ಬ್ರೌಸರ್‌ನ ವಿಳಾಸದ ಪಟ್ಟಿಯಲ್ಲಿ ಹಾಕಿ. ‘ಈ ಪುಟ ಸುರಕ್ಷಿತವಲ್ಲ’ ಎಂದು ಬ್ರೌಸರ್ ಗದರಿದರೆ ಗಾಬರಿ ಬೇಡ. ರೌಟರ್ ತನ್ನ ಪ್ರಮಾಣಪತ್ರಕ್ಕೆ ತಾನೇ ಸಹಿ ಹಾಕಿಕೊಂಡಿರುತ್ತದೆ, ಅಷ್ಟೇ.

ಇಲ್ಲಿ ಕೇಳುವ ಪಾಸ್‌ವರ್ಡ್ ವೈಫೈನದಲ್ಲ, ಅಡ್ಮಿನ್‌ನದು. ಎರಡನ್ನೂ ಒಂದೇ ಎಂದುಕೊಂಡು ಒದ್ದಾಡುವವರು ತುಂಬ. ಬದಲಿಸಿರದಿದ್ದರೆ ರೌಟರ್‌ನ ತಳದ ಚೀಟಿಯಲ್ಲಿ ಅದು ಅಚ್ಚಾಗಿರುತ್ತದೆ.

ಒಳಗೆ ಹೋದ ಕೂಡಲೇ ಏನನ್ನೂ ಬದಲಿಸಬೇಡಿ. ‘ವ್ಯಾನ್’ ಅಥವಾ ‘ಇಂಟರ್ನೆಟ್’ ಎಂಬ ಪುಟಕ್ಕೆ ಹೋಗಿ ಅಲ್ಲಿರುವ ಸಂಪರ್ಕದ ಬಗೆ, ಪಿಪಿಪಿಒಇ ಯೂಸರ್‌ನೇಮ್ (ರೌಟರ್ ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ಹೆಸರು), ವಿಲ್ಯಾನ್ ಸಂಖ್ಯೆ ಇವಿಷ್ಟರ ಫೋಟೊ ತೆಗೆದುಕೊಳ್ಳಿ. ಪಿಪಿಪಿಒಇ ಪಾಸ್‌ವರ್ಡ್ ಚುಕ್ಕೆಗಳಾಗಿ ಕಂಡರೆ ಸಂಪರ್ಕ ಕೊಟ್ಟ ಕಂಪನಿಯಿಂದ ಕೇಳಿ ಬರೆದಿಟ್ಟುಕೊಳ್ಳಿ. ‘ಬ್ಯಾಕಪ್’ ಸೌಲಭ್ಯವಿದ್ದರೆ ಸೆಟ್ಟಿಂಗ್ಸ್ ಕಡತವನ್ನು ಕಂಪ್ಯೂಟರಿಗೆ ಇಳಿಸಿ. ಏಕೆ ಇಷ್ಟು ಹೇಳುತ್ತಿರುವುದೆಂದರೆ, ಏನೋ ಎಡವಟ್ಟಾದಾಗ ಎಲ್ಲರ ಕೈಯೂ ಹೋಗುವುದು ಹಿಂಭಾಗದ ಸೂಜಿರಂಧ್ರದ ರೀಸೆಟ್ ಬಟನ್ನಿಗೆ. ಅದನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ವೈಫೈ ಪಾಸ್‌ವರ್ಡಿನ ಜೊತೆಗೆ ಈ ವಿವರಗಳೂ ಅಳಿಸಿಹೋಗುತ್ತವೆ. ಫೈಬರ್ ಪೆಟ್ಟಿಗೆಯೂ ರೌಟರ್ರೂ ಒಂದೇ ಆಗಿರುವ ಕಡೆ, ರೀಸೆಟ್ ಮಾಡಿದ ಮೇಲೆ ಕಂಪನಿಯವರು ಮತ್ತೆ ಸೆಟ್ ಮಾಡುವತನಕ ಇಂಟರ್ನೆಟ್ಟೇ ಬಾರದಿರಬಹುದು.

ಸಾಧ್ಯವಿದ್ದರೆ ಲ್ಯಾಪ್‌ಟಾಪನ್ನು ಈಥರ್ನೆಟ್ ಕೇಬಲ್ಲಿನಿಂದ ರೌಟರ್‌ಗೆ ಸಿಕ್ಕಿಸಿ ಕೆಲಸ ಮಾಡಿ. ವೈಫೈ ಮೂಲಕವೇ ವೈಫೈ ಸೆಟ್ಟಿಂಗ್ ಬದಲಿಸುವುದೆಂದರೆ ಕೂತ ಕೊಂಬೆಯನ್ನೇ ಕಡಿದಂತೆ. ‘ಸೇವ್’ ಒತ್ತಿದ ಮರುಕ್ಷಣ ಸಂಪರ್ಕ ಕಡಿಯುತ್ತದೆ, ಹೊಸ ಪಾಸ್‌ವರ್ಡಿನಲ್ಲಿ ಅಕ್ಷರ ತಪ್ಪಿದ್ದರೆ ಏನು ತಪ್ಪಿದೆ ಎಂದು ನೋಡುವ ದಾರಿಯೂ ಇರುವುದಿಲ್ಲ.

ಈಗ ಒಳಗೆ ಯಾರಿದ್ದಾರೆ?

‘ಕನೆಕ್ಟೆಡ್ ಡಿವೈಸಸ್’, ‘ವೈರ್‌ಲೆಸ್ ಕ್ಲೈಂಟ್ಸ್’ ಅಥವಾ ‘ಡಿಎಚ್‌ಸಿಪಿ ಕ್ಲೈಂಟ್ ಲಿಸ್ಟ್’ ಎಂಬ ಪುಟ ನೋಡಿ. ಮೂರೂ ಒಂದೇ ಅಲ್ಲ. ಮೊದಲಿನೆರಡು ಸಾಮಾನ್ಯವಾಗಿ ಈ ಗಳಿಗೆಯಲ್ಲಿ ಅಂಟಿಕೊಂಡಿರುವ ಸಾಧನಗಳನ್ನು ತೋರಿಸುತ್ತವೆ. ಡಿಎಚ್‌ಸಿಪಿ ಪಟ್ಟಿಯಲ್ಲಿರುವುದು ರೌಟರ್ ಹಂಚುವ ಐಪಿ ವಿಳಾಸ (ಜಾಲದೊಳಗೆ ಸಾಧನದ ನಂಬರು) ಪಡೆದು ಅದರ ಅವಧಿ ಇನ್ನೂ ಮುಗಿಯದ ಸಾಧನಗಳು. ಬೆಳಿಗ್ಗೆಯೇ ಹೊರಟುಹೋದ ಫೋನು ಸಂಜೆಯವರೆಗೂ ಅಲ್ಲಿ ಕಾಣಬಹುದು.

ಪಟ್ಟಿಯಲ್ಲಿ ಗುರುತಿಲ್ಲದ ಹೆಸರು ಕಂಡ ತಕ್ಷಣ ಕಳ್ಳ ಸಿಕ್ಕಿಬಿದ್ದ ಎನ್ನುವಂತಿಲ್ಲ. ಸ್ಮಾರ್ಟ್ ಬಲ್ಬು, ಪ್ಲಗ್‌ಗಳು ತಮ್ಮ ಬ್ರಾಂಡಿನ ಹೆಸರಿನಲ್ಲಿ ಕಾಣುವುದೇ ಕಡಿಮೆ. ಅವುಗಳೊಳಗಿನ ಚಿಪ್ ತಯಾರಿಸಿದವರ ಹೆಸರು, ಹೆಚ್ಚಾಗಿ ‘ಎಸ್ಪ್ರೆಸಿಫ್’ ಎಂದು, ಕಾಣುತ್ತದೆ. ಫೋನುಗಳ ವಿಷಯ ಇನ್ನೂ ಗೊಂದಲ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸದ (ಸಾಧನದ ಗುರುತಿನ ಸಂಖ್ಯೆ) ಬದಲು ಪ್ರತಿ ಜಾಲಕ್ಕೂ ಒಂದೊಂದು ಹುಸಿ ವಿಳಾಸ ತೋರಿಸುತ್ತವೆ. ಅದನ್ನು ಪತ್ತೆಹಚ್ಚಲು ಸುಲಭದ ಗುರುತೊಂದಿದೆ: ಮ್ಯಾಕ್ ವಿಳಾಸದ ಮೊದಲ ಜೋಡಿಯ ಎರಡನೆಯ ಸ್ಥಾನದಲ್ಲಿ 2, 6 ಅಥವಾ ಇಂಗ್ಲಿಷಿನ ಎ, ಇ ಅಕ್ಷರವಿದ್ದರೆ ಅದು ಸಾಧನ ತಾನೇ ಹುಟ್ಟಿಸಿಕೊಂಡ ವಿಳಾಸ. ಎಂದರೆ ಬಹುಪಾಲು ಅದೊಂದು ಫೋನು, ಟ್ಯಾಬ್ ಅಥವಾ ಹೊಸ ಲ್ಯಾಪ್‌ಟಾಪ್.

ನಂಬಬಹುದಾದ ವಿಧಾನ ಎಣಿಕೆ. ಮನೆಯಲ್ಲಿರುವ ಪ್ರತಿ ಸಾಧನವನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಒಂದೊಂದರ ವೈಫೈ ಆಫ್ ಮಾಡಿ, ಒಂದೆರಡು ನಿಮಿಷ ಬಿಟ್ಟು ಪುಟ (ಡಿಎಚ್‌ಸಿಪಿ ಪಟ್ಟಿಯಲ್ಲ, ಮೊದಲಿನೆರಡರಲ್ಲಿ ಒಂದು) ರಿಫ್ರೆಶ್ ಮಾಡಿ. ಪಟ್ಟಿಯಿಂದ ಯಾವ ಸಾಲು ಮಾಯವಾಯಿತೋ ಅದು ಆ ಸಾಧನ. ಎಲ್ಲ ಆಫ್ ಮಾಡಿದ ಮೇಲೂ ಉಳಿದಿರುವ ಸಾಲುಗಳೇ ನಿಮ್ಮವಲ್ಲದವು. ಅಟ್ಟದ ಮೇಲೆ ಇನ್ನೂ ಉರಿಯುತ್ತಿರುವ ಹಳೆಯ ಸೆಟ್‌ಟಾಪ್ ಬಾಕ್ಸ್ ಮರೆತಿಲ್ಲ ತಾನೆ?

ನೆಟ್ ನಿಧಾನವಾಗಿದೆ ಎಂಬುದೊಂದೇ ನುಸುಳುಕೋರರಿಗೆ ಸಾಕ್ಷಿಯಲ್ಲ. ವೈಫೈ ಬಳಸುವ ರೇಡಿಯೊ ಪಟ್ಟಿಗಳಲ್ಲೊಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಅಕ್ಕಪಕ್ಕದ ರೌಟರ್‌ಗಳು, ಮೈಕ್ರೋವೇವ್ ಒಲೆ ಎಲ್ಲವೂ ಅದೇ ಗಾಳಿಯನ್ನು ಹಂಚಿಕೊಳ್ಳುತ್ತವೆ.

ಅಪರಿಚಿತ ಸಾಧನ ಸಿಕ್ಕರೆ ಪಕ್ಕದಲ್ಲೇ ಇರುವ ‘ಬ್ಲಾಕ್’ ಬಟನ್ ಒತ್ತುವ ಆಸೆಯಾಗುತ್ತದೆ. ಒತ್ತಿ, ತಪ್ಪಿಲ್ಲ. ಆದರೆ ಅದು ಆ ಮ್ಯಾಕ್ ವಿಳಾಸವನ್ನಷ್ಟೇ ತಡೆಯುತ್ತದೆ. ಪಾಸ್‌ವರ್ಡ್ ಗೊತ್ತಿರುವ ಮನುಷ್ಯ ಫೋನಿನಲ್ಲಿ ವಿಳಾಸ ಬದಲಿಸಿಕೊಂಡು ಮತ್ತೆ ಬರುತ್ತಾನೆ. ಉಳಿದ ದಾರಿ ಪಾಸ್‌ವರ್ಡ್ ಬದಲಿಸುವುದೊಂದೇ.

ಎಷ್ಟು ಉದ್ದದ ಪಾಸ್‌ವರ್ಡ್, ಎಂಥದ್ದು

ವೈಫೈನ ಸಾಮಾನ್ಯ ಭದ್ರತಾ ಪದ್ಧತಿಯಾದ ಡಬ್ಲ್ಯುಪಿಎ2ರಲ್ಲಿ ಪಾಸ್‌ವರ್ಡ್ 8ರಿಂದ 63 ಅಕ್ಷರ ಇರಬಹುದು. ಎಂಟು ಸಾಕಲ್ಲ ಎನ್ನುವವರು ಇದನ್ನು ತಿಳಿದಿರಬೇಕು: ದಾಳಿ ಮಾಡುವವನು ರೌಟರ್ ಮುಂದೆ ಕೂತು ಒಂದೊಂದಾಗಿ ಊಹೆ ಹಾಕುವುದಿಲ್ಲ. ನಿಮ್ಮ ಫೋನು ರೌಟರ್‌ಗೆ ಸೇರುವಾಗ ನಡೆಯುವ ನಾಲ್ಕು ಹೆಜ್ಜೆಯ ಕೈಕುಲುಕಾಟವನ್ನು ಗಾಳಿಯಿಂದ ಹಿಡಿದುಕೊಂಡು ಹೋಗಿ, ತನ್ನ ಕಂಪ್ಯೂಟರಿನಲ್ಲಿ ಬಿಡುವಾಗಿ ಪರೀಕ್ಷಿಸುತ್ತಾನೆ. ರೌಟರ್‌ಗೆ ಇದರ ಸುಳಿವೂ ಇರುವುದಿಲ್ಲ. ಮೂರು ಸಲ ತಪ್ಪಿದರೆ ಲಾಕ್ ಎಂಬ ಮಾತೇ ಇಲ್ಲ.

ಒಳ್ಳೆಯ ಗ್ರಾಫಿಕ್ಸ್ ಕಾರ್ಡೊಂದು ಸೆಕೆಂಡಿಗೆ ಹತ್ತು ಲಕ್ಷ ಊಹೆ ಪರೀಕ್ಷಿಸುತ್ತದೆ ಎಂದಿಟ್ಟುಕೊಂಡು ಲೆಕ್ಕ ಹಾಕಿ. ಎಂಟು ಅಂಕಿಗಳ ಪಾಸ್‌ವರ್ಡ್, ಹುಟ್ಟಿದ ದಿನದಂಥದ್ದು, ಹೆಚ್ಚೆಂದರೆ 100 ಸೆಕೆಂಡು ಬಾಳುತ್ತದೆ. ಹತ್ತಂಕಿಯ ಮೊಬೈಲ್ ನಂಬರ್ ಹಾಕಿದ್ದರೆ ಮೂರು ಗಂಟೆಯೊಳಗೆ ಕಥೆ ಮುಗಿಯಿತು. ಅಡ್ಡಾದಿಡ್ಡಿ ಆರಿಸಿದ ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳಿಗೆ ಎರಡೂವರೆ ದಿನ. ಅದೇ ಹನ್ನೆರಡು ಅಕ್ಷರವಾದರೆ ಸುಮಾರು 3,000 ವರ್ಷ. ಕಾಸು ಖರ್ಚಿಲ್ಲದೆ ನಾಲ್ಕು ಅಕ್ಷರ ಕೊಡುವ ವ್ಯತ್ಯಾಸ ಇದು; ಚಿಹ್ನೆ, ದೊಡ್ಡಕ್ಷರಗಳ ಕಸರತ್ತಿಗಿಂತ ಉದ್ದವೇ ಮೇಲು.

ನೆನಪಿಗೂ ಬಾಯಲ್ಲಿ ಹೇಳುವುದಕ್ಕೂ ಅನುಕೂಲವಾಗಬೇಕೆಂದರೆ ಐದು ಪದಗಳ ಪಾಸ್‌ವರ್ಡ್ ಒಳ್ಳೆಯದು. ಕನ್ನಡ ಲಿಪಿಯಲ್ಲಿ ಹಾಕಲು ಬರುವುದಿಲ್ಲ; ಡಬ್ಲ್ಯುಪಿಎ2 ಒಪ್ಪುವುದು ಇಂಗ್ಲಿಷ್ ಕೀಲಿಮಣೆಯ ಸಾದಾ ಅಕ್ಷರಗಳನ್ನು ಮಾತ್ರ. ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬಹುದು, ಆದರೆ ಒಂದು ಎಚ್ಚರ. ‘ಬಾಗಿಲು’ ಎಂಬುದನ್ನು ನೀವು ಒಂದು ‘ಎ’ ಹಾಕಿ ಬರೆದರೆ ನಿಮ್ಮ ತಂಗಿ ಎರಡು ಹಾಕುತ್ತಾಳೆ, ಆಮೇಲೆ ‘ಪಾಸ್‌ವರ್ಡ್ ತಪ್ಪು’ ಎಂದು ದೂರು. ದೀರ್ಘ ಸ್ವರ, ಳಕಾರ, ಶಕಾರ ಷಕಾರ ಇಲ್ಲದ, ಒಂದೇ ಬಗೆಯಲ್ಲಿ ಬರೆಯಬಹುದಾದ ಪದಗಳನ್ನು ಆರಿಸಿ: ನವಿಲು, ಕಿಟಕಿ, ಸುತ್ತಿಗೆ, ಪದಕ, ಮುಸುಕು, ಹೀಗೆ. ಇದೇ ಐದನ್ನು ಬಳಸಬೇಡಿ, ಇಲ್ಲಿ ಅಚ್ಚಾಗಿಬಿಟ್ಟಿದೆ. ಪದಗಳು ಒಂದಕ್ಕೊಂದು ಸಂಬಂಧವಿಲ್ಲದಂತಿರಲಿ. ನಿಘಂಟನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟು ಆರಿಸುವುದು ಮೇಲು. ಗಾದೆ, ಹಾಡಿನ ಸಾಲು, ದೇವರ ಹೆಸರು ಬೇಡ. ಐದು ಸಾವಿರ ಪದಗಳ ಪಟ್ಟಿಯಿಂದ ಹೀಗೆ ಆರಿಸಿದ ನಾಲ್ಕು ಪದ ಅದೇ ಕಾರ್ಡಿನ ಮುಂದೆ ಸುಮಾರು 20 ವರ್ಷ ನಿಂತರೆ, ಐದನೆಯದು ಸೇರಿದಾಗ ಲೆಕ್ಕ ಒಂದು ಲಕ್ಷ ವರ್ಷದ ಹತ್ತಿರ ಹೋಗುತ್ತದೆ. ಪದಗಳ ನಡುವೆ ಜಾಗ ಬಿಡಬೇಡಿ, ಕೆಲವು ಅಗ್ಗದ ಸ್ಮಾರ್ಟ್ ಸಾಧನಗಳ ಆ್ಯಪ್‌ಗಳು ಅದಕ್ಕೆ ಎಡವುತ್ತವೆ.

ಜಾಲದ ಹೆಸರನ್ನೂ ಈಗಲೇ ಬದಲಿಸಿ. ಡಬ್ಲ್ಯುಪಿಎ2 ಪಾಸ್‌ವರ್ಡಿನಿಂದ ಕೀಲಿ ಕಟ್ಟುವಾಗ ಜಾಲದ ಹೆಸರನ್ನೂ ಅದಕ್ಕೆ ಬೆರೆಸುತ್ತದೆ. ಕಾರ್ಖಾನೆಯ ಸಾಮಾನ್ಯ ಹೆಸರುಗಳಿಗೆ ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕಗಳು ಬಹಳ ಕಾಲದಿಂದ ಓಡಾಡುತ್ತಿವೆ. ಮನೆ ನಂಬರು, ನಿಮ್ಮ ಹೆಸರು, ರೌಟರ್‌ನ ಮಾಡೆಲ್ ಇಲ್ಲದ ಯಾವುದಾದರೂ ಹೆಸರಾಗಬಹುದು. ಹೆಸರು ಕನ್ನಡ ಲಿಪಿಯಲ್ಲೂ ಇರಬಹುದು, ಆದರೆ ಅದಕ್ಕಿರುವ ಜಾಗ 32 ಬೈಟ್. ಕನ್ನಡದ ಪ್ರತಿ ಅಕ್ಷರಚಿಹ್ನೆಗೆ ಮೂರು ಬೈಟ್ ಬೇಕು, ಸ್ವರಚಿಹ್ನೆಗೂ, ಅಕ್ಷರದ ಸ್ವರ ತೆಗೆಯುವ ಹಲಂತಕ್ಕೂ ಬೇರೆ ಬೇರೆ. ‘ಕ್ಷ’ ಒಂದೇ ಒಂಬತ್ತು ಬೈಟ್ ನುಂಗುತ್ತದೆ! ಹತ್ತು ಚಿಹ್ನೆಗೆ ಮುಗಿಯಿತು. ಹಳೆಯ ಪ್ರಿಂಟರುಗಳಂತೂ ಅದನ್ನು ಗೀಚಿದಂತೆ ತೋರಿಸಿದರೆ ಆಶ್ಚರ್ಯವಿಲ್ಲ.

ಸೆಕ್ಯುರಿಟಿ ಮೋಡ್

ವೈರ್‌ಲೆಸ್ ಸೆಕ್ಯುರಿಟಿ ಎಂಬಲ್ಲಿ ಸಾಲಾಗಿ ಹಲವು ಹೆಸರುಗಳಿರುತ್ತವೆ. 1997ರ ಡಬ್ಲ್ಯುಇಪಿ 2001ರಲ್ಲೇ ಮುರಿದುಬಿತ್ತು, ಈಗ ಅದನ್ನು ನಿಮಿಷಗಳಲ್ಲಿ ಬಿಚ್ಚಬಹುದು. 2003ರ ಡಬ್ಲ್ಯುಪಿಎ ತಾತ್ಕಾಲಿಕ ತೇಪೆಯಾಗಿತ್ತು. 2004ರ ಡಬ್ಲ್ಯುಪಿಎ2, ಗಟ್ಟಿ ಪಾಸ್‌ವರ್ಡ್ ಇದ್ದರೆ, ಇವತ್ತಿಗೂ ಮನೆಗೆ ಸಾಕು. 2018ರ ಡಬ್ಲ್ಯುಪಿಎ3 ಸಿಕ್ಕರೆ ಅದೇ ಒಳ್ಳೆಯದು: ಅದರಲ್ಲಿ ಕೈಕುಲುಕಾಟವನ್ನು ಹಿಡಿದೊಯ್ದು ಮನೆಯಲ್ಲಿ ಊಹೆ ಪರೀಕ್ಷಿಸಲು ಬರುವುದಿಲ್ಲ, ಪ್ರತಿ ಊಹೆಗೂ ರೌಟರ್‌ನ ಬಾಗಿಲನ್ನೇ ತಟ್ಟಬೇಕು.

ಎಲ್ಲವೂ ಹೊಸ ಸಾಧನಗಳಾಗಿದ್ದರೆ ‘ಡಬ್ಲ್ಯುಪಿಎ3 ಪರ್ಸನಲ್’. ಇಲ್ಲವಾದರೆ ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3’ ಮಿಶ್ರ ಮೋಡ್. ಮಿಶ್ರದಲ್ಲೂ ಹಳೆಯ ಪ್ರಿಂಟರ್ ಅಥವಾ ಪ್ಲಗ್ ಸೇರಲು ತಕರಾರು ಮಾಡಿದರೆ ‘ಡಬ್ಲ್ಯುಪಿಎ2, ಎಇಎಸ್’ಗೆ ಇಳಿಯಿರಿ. ‘ಟಿಕೆಐಪಿ’ ಎಂಬ ಪದವಿರುವ ಆಯ್ಕೆ ಮಾತ್ರ ಬೇಡ. ಅದು ದುರ್ಬಲ ಎನ್ನುವುದಲ್ಲದೆ, ಅದರಡಿ ಸೇರಿದ ಸಾಧನದ ವೇಗ 54 ಎಂಬಿಪಿಎಸ್ ದಾಟುವುದಿಲ್ಲ. ಹೊಸ ರೌಟರ್ ತಂದರೂ ಸ್ಪೀಡ್ ಬರುತ್ತಿಲ್ಲ ಎನ್ನುವವರು ಈ ಸಾಲನ್ನೊಮ್ಮೆ ನೋಡಿ. ‘ಪಿಎಂಎಫ್’ ಕಂಡರೆ ‘ಆಪ್ಷನಲ್’ ಅಥವಾ ‘ಕೇಪಬಲ್’ ಮಾಡಿ. ‘ಹೊರಗೆ ಹೋಗು’ ಎಂಬ ಸುಳ್ಳು ಸಂದೇಶ ಕಳಿಸಿ ಫೋನನ್ನು ಉದುರಿಸುವ ಹಳೆಯ ಚಾಳಿಯನ್ನು ಅದು ತಡೆಯುತ್ತದೆ.

ಡಬ್ಲ್ಯುಪಿಎಸ್ ಆಫ್ ಮಾಡಿ

ಬಟನ್ ಒತ್ತಿ ಸಾಧನ ಸೇರಿಸುವ ಈ ಸೌಲಭ್ಯದ ಬೆನ್ನಿಗೆ ಎಂಟಂಕಿಯ ಪಿನ್ ಕೂಡ ಇರುತ್ತದೆ. ಎಂಟಂಕಿ ಎಂದರೆ ಹತ್ತು ಕೋಟಿ ಸಾಧ್ಯತೆ ಅಂದುಕೊಳ್ಳುತ್ತೇವೆ. ಆದರೆ ರೌಟರ್ ಮೊದಲ ನಾಲ್ಕು ಅಂಕಿ ಸರಿಯೇ ಎಂಬುದನ್ನು ಬೇರೆಯಾಗಿ ಹೇಳಿಬಿಡುತ್ತದೆ, ಉಳಿದ ನಾಲ್ಕರಲ್ಲಿ ಕೊನೆಯದು ಬರೀ ತಾಳೆ ನೋಡುವ ಅಂಕಿ. 10,000 ಮತ್ತು 1,000, ಒಟ್ಟು 11,000 ಪ್ರಯತ್ನ ಸಾಕು. 2011ರಲ್ಲಿ ಇದು ಬಯಲಾಯಿತು. ಪಿನ್ ಸಿಕ್ಕಿದರೆ ನಿಮ್ಮ ಐದು ಪದದ ಪಾಸ್‌ವರ್ಡನ್ನು ರೌಟರ್ ತಾನಾಗಿಯೇ ಕೊಟ್ಟುಬಿಡುತ್ತದೆ, ನೀವು ಅದನ್ನು ಎಷ್ಟು ಸಲ ಬದಲಿಸಿದರೂ. ಡಬ್ಲ್ಯುಪಿಎಸ್ ಅನ್ನು ಪೂರ್ತಿ ‘ಡಿಸೇಬಲ್’ ಮಾಡಿ. ಕೆಲವು ಹಳೆಯ ರೌಟರ್‌ಗಳು ಆರಿಸಿದಂತೆ ತೋರಿಸಿ ಒಳಗೆ ಚಾಲೂ ಇಟ್ಟಿರುತ್ತಿದ್ದವು. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಆ್ಯಪ್ ಹಾಕಿ ನಿಮ್ಮ ಜಾಲದ ಸಾಲಿನಲ್ಲಿ ಡಬ್ಲ್ಯುಪಿಎಸ್ ಎಂಬ ಪದ ಇನ್ನೂ ಇದೆಯೇ ನೋಡಿ.

ಅತಿಥಿಗಳಿಗೆ ಬೇರೆ ಜಾಲ

ಮನೆಗೆ ಬಂದವರಿಗೆ ಪಾಸ್‌ವರ್ಡ್ ಕೊಡುವುದಿಲ್ಲ ಎನ್ನಲಾಗುವುದಿಲ್ಲ. ಹಾಗೆ ಹೇಳಿ ಮುಜುಗರ ಪಡುವ ಬದಲು ‘ಗೆಸ್ಟ್ ನೆಟ್‌ವರ್ಕ್’ ಚಾಲೂ ಮಾಡಿ, ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿ. ‘ಸ್ಥಳೀಯ ಜಾಲಕ್ಕೆ ಪ್ರವೇಶ’ ಎಂಬರ್ಥದ ಟಿಕ್ ಇದ್ದರೆ ತೆಗೆಯಿರಿ. ಆಗ ಅತಿಥಿಯ ಫೋನು ಇಂಟರ್ನೆಟ್ ಮಾತ್ರ ನೋಡುತ್ತದೆ, ನಿಮ್ಮ ಕಂಪ್ಯೂಟರ್, ಕ್ಯಾಮೆರಾ, ಅಡ್ಮಿನ್ ಪುಟ ಯಾವುದೂ ಅದಕ್ಕೆ ಸಿಗುವುದಿಲ್ಲ. ಈ ಪಾಸ್‌ವರ್ಡನ್ನು ತಿಂಗಳಿಗೊಮ್ಮೆ ಬದಲಿಸಿದರೂ ಮನೆಯವರ ಯಾವ ಸಾಧನವನ್ನೂ ಮುಟ್ಟಬೇಕಿಲ್ಲ. ಇಡೀ ಏರ್ಪಾಟಿನ ಜಾಣತನ ಇರುವುದೇ ಇಲ್ಲಿ.

ಸ್ಮಾರ್ಟ್ ಬಲ್ಬು, ಪ್ಲಗ್‌ಗಳನ್ನೂ ಅತಿಥಿ ಜಾಲಕ್ಕೆ ಹಾಕಬಹುದು. ಅವು ತಮ್ಮ ಕಂಪನಿಯ ಸರ್ವರ್ ಜೊತೆ ಮಾತಾಡಿದರೆ ಸಾಕು. ಸೆಟಪ್ ಮಾಡುವಾಗ ಮಾತ್ರ ನಿಮ್ಮ ಫೋನೂ ಅದೇ ಜಾಲದಲ್ಲಿರಬೇಕು. ಪ್ರಿಂಟರನ್ನೂ, ಫೋನಿನಿಂದ ವಿಡಿಯೊ ಕಳಿಸುವ ಟಿವಿಯನ್ನೂ ಮುಖ್ಯ ಜಾಲದಲ್ಲೇ ಬಿಡಿ, ಇಲ್ಲವಾದರೆ ಫೋನಿಗೆ ಅವು ಕಾಣುವುದಿಲ್ಲ.

ಬಲ್ಬುಗಳಿಗೆಲ್ಲ ಮತ್ತೆ ಪಾಸ್‌ವರ್ಡ್ ತುಂಬುವ ಕಷ್ಟ ತಪ್ಪಿಸಲು ಅತಿಥಿ ಜಾಲಕ್ಕೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಕೊಡುವ ಯುಕ್ತಿಯೊಂದಿದೆ. ಬಲ್ಬುಗಳು ತಾವಾಗಿಯೇ ಸೇರಿಕೊಳ್ಳುತ್ತವೆ, ನಿಜ. ಯಾರನ್ನು ಹೊರಗೆ ಹಾಕಲು ಹೊರಟಿರೋ ಅವರೂ ಸೇರಿಕೊಳ್ಳುತ್ತಾರೆ.

ಬದಲಿಸುವ ಕ್ರಮ

1. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ವೈಫೈನದ್ದನ್ನು ಮೊದಲು ಬದಲಿಸಿ ಇದನ್ನು ಹಾಗೇ ಬಿಟ್ಟರೆ, ಒಳಗಿರುವವನು ಹೊಸದನ್ನು ಅಡ್ಮಿನ್ ಪುಟದಲ್ಲೇ ಓದಿಕೊಳ್ಳಬಹುದು. ಬಳಕೆದಾರರ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ ಎರಡನೆಯ ಅಡ್ಮಿನ್ ಇದೆಯೇ ಎಂದೂ ನೋಡಿ. ಸಂಪರ್ಕ ಕೊಟ್ಟ ಕಂಪನಿಯದೇ ಒಂದು ಖಾತೆ ಇರಬಹುದು, ಅಳಿಸುವ ಮುನ್ನ ಕೇಳಿ.
2. ‘ರಿಮೋಟ್ ಮ್ಯಾನೇಜ್‌ಮೆಂಟ್’ (ಮನೆಯ ಹೊರಗಿನಿಂದ ಅಡ್ಮಿನ್ ಪುಟ ತೆರೆಯಲು ಬಿಡುವ ಸೌಲಭ್ಯ) ಮತ್ತು ಡಬ್ಲ್ಯುಪಿಎಸ್ ಆಫ್ ಮಾಡಿ.
3. ಸೆಕ್ಯುರಿಟಿ ಮೋಡ್, ಹೆಸರು, ಪಾಸ್‌ವರ್ಡ್ ಮೂರನ್ನೂ ಒಟ್ಟಿಗೇ ಬದಲಿಸಿ, ಸೇವ್ ಮಾಡಿ, ರೌಟರನ್ನೊಮ್ಮೆ ಆರಿಸಿ ಹಾಕಿ.
4. ನಿಮ್ಮ ಫೋನೊಂದನ್ನು ಮಾತ್ರ ಸೇರಿಸಿ, ಹತ್ತು ನಿಮಿಷ ಬಿಟ್ಟು ಸಾಧನಗಳ ಪಟ್ಟಿ ನೋಡಿ. ಅಲ್ಲಿ ನಿಮ್ಮ ಫೋನು, ಕೇಬಲ್ಲಿನಲ್ಲಿರುವ ಲ್ಯಾಪ್‌ಟಾಪ್ ಬಿಟ್ಟು ಇನ್ನೊಂದು ಇದ್ದರೆ ಎಲ್ಲೋ ಹಳೆಯ ಬಾಗಿಲು ತೆರೆದೇ ಇದೆ.

ಆ ಹಳೆಯ ಬಾಗಿಲು ಬಹುತೇಕ ಮೂರು ಕಡೆ ಸಿಗುತ್ತದೆ. ಒಂದು, 5 ಗಿಗಾಹರ್ಟ್ಸ್: ಅನೇಕ ರೌಟರ್‌ಗಳಲ್ಲಿ 2.4 ಮತ್ತು 5ಕ್ಕೆ ಬೇರೆ ಬೇರೆ ಪುಟ, ಬೇರೆ ಪಾಸ್‌ವರ್ಡ್. ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುವುದು ತೀರಾ ಸಾಮಾನ್ಯ. ಎರಡು, ಮಹಡಿಯ ರೇಂಜ್ ಎಕ್ಸ್‌ಟೆಂಡರ್. ಅದನ್ನು ರೌಟರ್‌ಗೆ ಕೇಬಲ್ಲಿನಿಂದ ಕಟ್ಟಿದ್ದರೆ ಅದು ತನ್ನ ಹಳೆಯ ಪಾಸ್‌ವರ್ಡನ್ನೇ ಹಿಡಿದು ಜನರನ್ನು ಒಳಗೆ ಬಿಡುತ್ತಲೇ ಇರುತ್ತದೆ. ಮೂರು, ಕೇಬಲ್ಲುಗಳನ್ನು ಕವಲೊಡೆಸಲು (ನೆಟ್‌ವರ್ಕ್ ಸ್ವಿಚ್ಚಿನಂತೆ) ಬಳಸುತ್ತಿರುವ ಹಳೆಯ ರೌಟರ್. ಅದರ ವೈಫೈ ಆರಿಸಲು ಯಾರೂ ನೆನೆಯುವುದಿಲ್ಲ.

ಹೆಸರು ಬದಲಿಸದೆ ಪಾಸ್‌ವರ್ಡ್ ಮಾತ್ರ ಬದಲಿಸಿದ್ದರೆ ಕೆಲವು ಫೋನು, ಲ್ಯಾಪ್‌ಟಾಪ್‌ಗಳು ಹಳೆಯದನ್ನೇ ಕೊಟ್ಟು ಕೊಟ್ಟು ಸೋಲುತ್ತವೆ. ಅಲ್ಲಿ ಜಾಲವನ್ನು ‘ಫರ್ಗೆಟ್’ ಮಾಡಿ ಮತ್ತೆ ಸೇರಿಸಬೇಕು.

ಹೆಸರು ಮರೆಮಾಚುವುದು, ಮ್ಯಾಕ್ ಫಿಲ್ಟರ್

ಜಾಲದ ಹೆಸರು ಮರೆಮಾಚುವುದು, ಪಟ್ಟಿಯಲ್ಲಿರುವ ಮ್ಯಾಕ್ ವಿಳಾಸಗಳನ್ನಷ್ಟೇ ಒಳಗೆ ಬಿಡುವ ಫಿಲ್ಟರ್ ಹಾಕುವುದು, ಇವೆರಡನ್ನೂ ಎಲ್ಲರೂ ಹೇಳುತ್ತಾರೆ, ಎರಡೂ ದಂಡ. ಜಾಲದ ಹೆಸರು ಮರೆಮಾಚಿದರೂ ಫೋನು ಸೇರುವಾಗ ಅದು ಗಾಳಿಯಲ್ಲಿ ಬಹಿರಂಗವಾಗೇ ಹೋಗುತ್ತದೆ. ಮೇಲಾಗಿ, ಮರೆಯಾದ ಜಾಲವನ್ನು ಹುಡುಕಲು ನಿಮ್ಮ ಫೋನು ಹೋದಲ್ಲೆಲ್ಲ ಆ ಹೆಸರು ಕೂಗುತ್ತಾ ತಿರುಗುತ್ತದೆ. ಮ್ಯಾಕ್ ವಿಳಾಸವೂ ಅಷ್ಟೇ, ಗೂಢಲಿಪಿಯಿಲ್ಲದೆ ಹಾರಾಡುವಂಥದ್ದು, ನಕಲು ಮಾಡುವುದು ಸುಲಭ. ಫಿಲ್ಟರಿನಿಂದ ಪೇಚಿಗೆ ಸಿಕ್ಕುವವರು ಫೋನಿನ ಹುಸಿ ವಿಳಾಸ ಬದಲಾದಾಗ ಹೊರಗುಳಿಯುವ ಮನೆಯವರೇ.

ರೌಟರ್ ಒಳಗಿನ ಉಳಿದ ಕೆಲಸ

ಫರ್ಮ್‌ವೇರ್ (ರೌಟರ್ ಒಳಗಿನ ತಂತ್ರಾಂಶ) ಅಪ್‌ಡೇಟ್ ನೋಡಿ, ಆಟೊ ಅಪ್‌ಡೇಟ್ ಇದ್ದರೆ ಹಾಕಿಡಿ. ನಡುವೆ ಕರೆಂಟ್ ಹೋದರೆ ರೌಟರ್ ಎದ್ದೇಳದೆ ಇರಬಹುದು, ಯುಪಿಎಸ್ ಇದ್ದಾಗ ಮಾಡಿ. 2017ರಲ್ಲಿ ಬೆಳಕಿಗೆ ಬಂದ ‘ಕ್ರ್ಯಾಕ್’ ಎಂಬ ದೋಷ ಡಬ್ಲ್ಯುಪಿಎ2ರ ಕೈಕುಲುಕಾಟದಲ್ಲೇ ಇತ್ತು, ಸರಿಹೋದದ್ದು ಅಪ್‌ಡೇಟ್‌ನಿಂದ. ಅದನ್ನು ಫೋನು, ಲ್ಯಾಪ್‌ಟಾಪ್‌ಗಳಿಗೂ ಹಾಕಬೇಕಿತ್ತು. ತಯಾರಕರು ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ ರೌಟರ್ ಆದರೆ ಬದಲಿಸುವುದು ಒಳ್ಳೆಯದು.

ಜಾಲತಾಣದ ಹೆಸರನ್ನು ಅದರ ಸಂಖ್ಯಾ ವಿಳಾಸಕ್ಕೆ ತಿರುಗಿಸಿಕೊಡುವ ಡಿಎನ್‌ಎಸ್ ಸರ್ವರ್‌ಗಳ ವಿಳಾಸಗಳನ್ನು ಗಮನಿಸಿ. ‘ಆಟೊಮ್ಯಾಟಿಕ್’ ಎಂದಿರಬೇಕು, ಅಥವಾ ನೀವೇ ಹಾಕಿದ್ದಿರಬೇಕು. ಯಾರೋ ಅಡ್ಮಿನ್ ಪುಟಕ್ಕೆ ನುಗ್ಗಿದ್ದರೆ ಬದಲಿಸುವುದು ಇದನ್ನೇ. ಬ್ಯಾಂಕಿನ ವಿಳಾಸ ಸರಿಯಾಗಿ ಹಾಕಿದರೂ ಬೇರೆ ಕಡೆ ತಲುಪಿಸಬಹುದು. ಹೊರಗಿನ ಇಂಟರ್ನೆಟ್ಟಿನಿಂದ ಮನೆಯ ಸಾಧನಕ್ಕೆ ನೇರ ದಾರಿ ಕೊಡುವ ಪೋರ್ಟ್ ಫಾರ್ವರ್ಡಿಂಗ್ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ ಸಾಲುಗಳಿದ್ದರೆ ಅಳಿಸಿ. ಸಾಧನಗಳು ಇಂಥ ದಾರಿಯನ್ನು ತಾವೇ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿಯನ್ನು ಆಫ್ ಮಾಡಿ, ಆಟವೋ ವಿಡಿಯೊ ಕರೆಯೋ ತೊಡಕಾದರೆ ಮತ್ತೆ ಹಾಕಿಕೊಳ್ಳಬಹುದು. ಕ್ಯಾಮೆರಾ, ಡಿವಿಆರ್‌ಗಳ ಕಾರ್ಖಾನೆ ಪಾಸ್‌ವರ್ಡ್‌ಗಳನ್ನೂ ಇದೇ ದಿನ ಬದಲಿಸಿ. 2016ರ ಮಿರಾಯ್ ಎಂಬ ದುಷ್ಟ ತಂತ್ರಾಂಶ ಲಕ್ಷಗಟ್ಟಲೆ ಸಾಧನಗಳನ್ನು ಹಿಡಿದದ್ದು ಅಂಥ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳಿಂದಲೇ.

ರೌಟರನ್ನು ಬಾಗಿಲ ಪಕ್ಕ, ಬಂದವರೆಲ್ಲ ತಿರುಗಿಸಿ ನೋಡುವ ಜಾಗದಲ್ಲಿ ಇಟ್ಟಿದ್ದರೆ ತಳದ ಚೀಟಿಯ ಫೋಟೊ ತೆಗೆದುಕೊಂಡು ಚೀಟಿ ಕಿತ್ತುಹಾಕಿ, ಇಲ್ಲವೇ ಮೇಲೆ ಟೇಪು ಅಂಟಿಸಿ. ಹಳೆಯ ರೌಟರನ್ನು ಯಾರಿಗಾದರೂ ಕೊಡುವ ಅಥವಾ ಗುಜರಿಗೆ ಹಾಕುವ ಮುನ್ನ ಆ ಸೂಜಿರಂಧ್ರದ ಬಟನ್ನನ್ನು ಹತ್ತು ಸೆಕೆಂಡು ಒತ್ತಿ, ದೀಪಗಳೆಲ್ಲ ಆರಿ ಹತ್ತುವವರೆಗೆ ಕಾಯಿರಿ. ಹಾಗೆ ಮಾಡುವತನಕ ನಿಮ್ಮ ಪಿಪಿಪಿಒಇ ವಿವರ, ವೈಫೈ ಪಾಸ್‌ವರ್ಡ್ ಎರಡೂ ಅದರೊಳಗೆ ಇನ್ನೂ ಇರುತ್ತವೆ.